ಉರಿಮೂತ್ರದ ಕಲ್ಚರ್: ಲ್ಯಾಬಿನಲ್ಲಿ ನಾನು ಮಾಡುವ ರೀತಿ

ರಾಜಾಜಿನಗರದ ಲ್ಯಾಬೊಂದರಲ್ಲಿ ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ಲೇಟಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ನನ್ನ ಪಾಲಿನ ಕೆಲಸ. ಡಬ್ಬಿ ಕೈಗೆ ಬಂದ ಕೂಡಲೇ ಎರಡು ವಿಷಯ ಕೇಳುತ್ತೇನೆ: ಎಷ್ಟು ಹೊತ್ತಿಗೆ ಹಿಡಿದದ್ದು, ಆ್ಯಂಟಿಬಯಾಟಿಕ್ ಆಗಲೇ ಶುರುವಾಗಿದೆಯಾ? ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆಯನ್ನು ಎರಡು ಹೊತ್ತು ನುಂಗಿ ಬಂದರೆ, ಸೋಂಕು ಒಳಗಿದ್ದರೂ ಪ್ಲೇಟಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಕಲ್ಚರಿಗೆ ಕೊಟ್ಟ ಮೇಲೆ ಮಾತ್ರೆ, ಅದಕ್ಕೆ ಮೊದಲಲ್ಲ.

ಹಿಡಿಯುವ ಕ್ರಮವನ್ನು ನಾನೇ ಹೇಳಿಕೊಡುತ್ತೇನೆ. "ಅಮ್ಮಾ, ನೀರಲ್ಲಿ ಚೆನ್ನಾಗಿ ತೊಳ್ಕೊಳ್ಳಿ, ಮೊದಲು ಬರೋದನ್ನ ಬಿಟ್ಬಿಡಿ, ನಡುವಿಂದು ಮಾತ್ರ ಡಬ್ಬೀಲಿ ಹಿಡೀರಿ. ಡಬ್ಬಿ ಒಳಗಡೆ ಬೆರಳು ತಾಗಬಾರ್ದು." ಇಷ್ಟು ಹೇಳುವ ತಾಳ್ಮೆ ಕೌಂಟರಿನಲ್ಲಿ ಇಲ್ಲದಿದ್ದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೆಲ್ಲ ಬೆರೆತು ಬರುತ್ತವೆ. ಮೂರು ನಾಲ್ಕು ಬಗೆ ಒಟ್ಟಿಗೆ ಬೆಳೆದರೆ ನಾನು ಸೆನ್ಸಿಟಿವಿಟಿ (ಯಾವ ಔಷಧಿ ಕೆಲಸ ಮಾಡುತ್ತದೆಂದು ನೋಡುವ ಪರೀಕ್ಷೆ) ಹಾಕುವುದಿಲ್ಲ, ಮತ್ತೊಮ್ಮೆ ಹಿಡಿದು ಕೊಡಲು ಹೇಳುತ್ತೇನೆ. ಹೊರಗಿಟ್ಟ ಮೂತ್ರಕ್ಕೆ ಎರಡು ಗಂಟೆಯಷ್ಟೇ ಕಾಲ. ಕೆಂಗೇರಿಯಿಂದ ಬರುವ ಡಬ್ಬಿ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಆ ಹೊತ್ತು ದಾರಿಯಲ್ಲೇ ಕಳೆಯುತ್ತದೆ, ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ದುಪ್ಪಟ್ಟಾಗುತ್ತಾ ಹೋಗುತ್ತದೆ. ಹಾಗಾಗಿ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆ ಬೇಕೇ ಬೇಕು.

ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಭಾಗ ಹಿಡಿಯುವ ಲೂಪಿನಿಂದ (ತುದಿಯಲ್ಲಿ ಪುಟ್ಟ ಬಳೆಯಿರುವ ಕಡ್ಡಿ) ಮೂತ್ರವನ್ನು ಸಿಎಲ್ಇಡಿ ಎಂಬ ಅಗರ್ (ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿ) ಹಾಕಿದ ಪ್ಲೇಟಿಗೆ ಗೀಟೆಳೆದು, ರಾತ್ರಿಯೆಲ್ಲ 37 ಡಿಗ್ರಿಯಲ್ಲಿ ಇಡುತ್ತೇನೆ. ಬೆಳಗ್ಗೆ ನೂರಕ್ಕಿಂತ ಹೆಚ್ಚು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಆದ ಚುಕ್ಕೆ) ಇದ್ದರೆ ಬ್ಯಾಕ್ಟೀರಿಯಾ ಮಿಲಿಲೀಟರಿಗೆ ಲಕ್ಷ ದಾಟಿತೆಂದು ಲೆಕ್ಕ. ಹೆಚ್ಚಾಗಿ ಕಾಣುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಹಳದಿ ಕಾಲೊನಿ. ಲೋಳೆಲೋಳೆಯಾಗಿ ಉಬ್ಬಿದ್ದರೆ ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇರಬಹುದೆಂಬ ಗುಮಾನಿ. ಬಯೋಕೆಮಿಕಲ್ ಪರೀಕ್ಷೆ ಮುಗಿಯದೆ ಹೆಸರು ಬರೆಯುವುದಿಲ್ಲ.

ನನಗೆ ಬಲು ಇಷ್ಟದ ಕೆಲಸ ಸೆನ್ಸಿಟಿವಿಟಿ. ಕಾಲೊನಿಯನ್ನು ಸಲೈನಿನಲ್ಲಿ ಕದಡಿ, ಅದರ ಮಬ್ಬನ್ನು ಮಬ್ಬಳೆಯುವ ಮಾನಕವಾದ 0.5 ಮ್ಯಾಕ್‌ಫಾರ್ಲೆಂಡ್‌ಗೆ ಸರಿಹೊಂದಿಸಿ, 15 ನಿಮಿಷದೊಳಗೆ ಮುಲ್ಲರ್ ಹಿಂಟನ್ ಎಂಬ ಅಗರ್ ಪ್ಲೇಟಿಗೆ ಸವರಿ, ಔಷಧಿಯ ಡಿಸ್ಕ್‌ಗಳನ್ನು ಇಡುತ್ತೇನೆ. ಅಗರ್ 4 ಮಿಲಿಮೀಟರ್ ದಪ್ಪ ಇರಬೇಕು. ತೆಳುವಾದರೆ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿಯುವ ವೃತ್ತ ಸುಳ್ಳಾಗಿ ದೊಡ್ಡದಾಗುತ್ತದೆ, ಕೆಲಸ ಮಾಡದ ಔಷಧಿಯೂ ಮಾಡುವಂತೆ ಕಾಣುತ್ತದೆ. ದೊಡ್ಡ ವೃತ್ತ ಎಂದರೆ ಒಳ್ಳೆಯ ಔಷಧಿ ಎಂದು ಹೊಸಬರು ತಿಳಿಯುತ್ತಾರೆ, ಹಾಗಲ್ಲ. ಪ್ರತಿ ಔಷಧಿಗೂ ಅದರದೇ ಅಳತೆ: ಇ. ಕೋಲಿಗೆ ನೈಟ್ರೊಫ್ಯುರಾಂಟೊಯಿನ್ 17 ಮಿಲಿಮೀಟರ್ ಇದ್ದರೆ ಸಾಕು, ಸೆಫೊಟಾಕ್ಸಿಮ್‌ಗೆ 26 ಬೇಕು.

ಸೆಫೊಟಾಕ್ಸಿಮ್ ವೃತ್ತ ಕುಗ್ಗಿದಾಗ ಕ್ಲಾವುಲನಿಕ್ ಆಮ್ಲ ಸೇರಿಸಿದ ಡಿಸ್ಕನ್ನೂ ಇಟ್ಟು ನೋಡುತ್ತೇನೆ. ಅದರ ವೃತ್ತ ಬರೀ ಸೆಫೊಟಾಕ್ಸಿಮ್ ವೃತ್ತಕ್ಕಿಂತ 5 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಾದರೆ ಇಎಸ್‌ಬಿಎಲ್, ಅಂದರೆ ಆ ಬ್ಯಾಕ್ಟೀರಿಯಾ ಸೆಫೊಟಾಕ್ಸಿಮ್ ಗುಂಪಿನ ಔಷಧಿಗಳಾದ ಸೆಫಲೋಸ್ಪೋರಿನ್‌ಗಳನ್ನು ಒಡೆಯುವ ಕಿಣ್ವ ತಯಾರಿಸುತ್ತಿದೆ. ಅಂಥ ಇ. ಕೋಲಿಯ ಮೇಲೂ ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್ ಎಷ್ಟೋ ಸಲ ಕೆಲಸ ಮಾಡುವುದನ್ನು ಕಂಡಾಗ ಸಮಾಧಾನವಾಗುತ್ತದೆ. ಆದರೆ ಇವು ಮೂತ್ರಕೋಶದ ಸೋಂಕಿಗೆ. ಚಳಿಜ್ವರ, ಪಕ್ಕೆನೋವು ಇದ್ದು ಸೋಂಕು ಕಿಡ್ನಿಗೆ ಏರಿದ್ದರೆ ನೈಟ್ರೊಫ್ಯುರಾಂಟೊಯಿನ್ ನಡೆಯುವುದಿಲ್ಲ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲಂತೂ ಅದು ಸ್ವಭಾವತಃ ಕೆಲಸ ಮಾಡದು, ಆ ವರದಿಯಲ್ಲಿ ಅದರ ಹೆಸರನ್ನೇ ಹಾಕುವುದಿಲ್ಲ.

ವರದಿಯಲ್ಲಿ ಲಕ್ಷ ಎಂದು ಕಂಡು ಗಾಬರಿಯಾಗಿ ಫೋನ್ ಮಾಡುವವರಿದ್ದಾರೆ. ಕ್ಯಾತಿಟರ್ ಹಾಕಿದ ಹಿರಿಯರಲ್ಲಿ ಉರಿ, ಜ್ವರ ಏನೂ ಇಲ್ಲದೆಯೂ ಅಷ್ಟು ಬೆಳೆಯಬಹುದು, ಅದಕ್ಕೆ ಸಾಮಾನ್ಯವಾಗಿ ಔಷಧಿ ಬೇಕಾಗುವುದಿಲ್ಲ. ಗರ್ಭಿಣಿಯರ ಮಾತು ಬೇರೆ. ಅವರಿಗೆ ತೊಂದರೆ ಕಾಣದಿದ್ದರೂ ಚಿಕಿತ್ಸೆ ಬೇಕು. ಅಂಥ ವರದಿ ಪ್ರಿಂಟಾಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸುತ್ತೇನೆ.