ಟ್ರ್ಯಾಪ್ ಬಿಟ್ಟು ಸಿಮೆಂಟ್ ಬಿಲ್ಲೆ: ಲಕ್ಷದ್ವೀಪದಲ್ಲಿ ಹೂಳು ಅಳೆದ ನನ್ನ ಅನುಭವ

ನಾಲ್ಕು ಇಂಚಿನ ಪಿವಿಸಿ ಮುಚ್ಚಳಕ್ಕೆ ಸಿಮೆಂಟ್ ತುಂಬಿ ಹವಳದ ಪಕ್ಕ ಇಡುತ್ತೇನೆ, ಬಂದರಿನ ಡ್ರೆಜಿಂಗ್ (ತಳ ಕೊರೆದು ಆಳ ಮಾಡುವ ಕೆಲಸ) ಎಬ್ಬಿಸುವ ಹೂಳಿನಿಂದ ಹವಳಕ್ಕೆ ಎಷ್ಟು ಹಾನಿ ಅಂತ ಅದರಿಂದಲೇ ಹೇಳುತ್ತೇನೆ ಎಂದಾಗ ನಮ್ಮ ವಲಯದಲ್ಲಿ ಒಪ್ಪಿದವರು ಕಡಿಮೆ. ‘ಸೆನ್ಸರ್ ಇಲ್ಲದೆ ವರದಿ ಬರೆಯೋಕಾಗುತ್ತಾ?’ ಅಂತ ಕೇಳಿದವರೇ ಜಾಸ್ತಿ. ಈಗ ಆ ಬಿಲ್ಲೆಗಳ ಲೆಕ್ಕ ನೋಡಿಯೇ ಒಂದು ದ್ವೀಪದಲ್ಲಿ ಡ್ರೆಜರ್ ಓಡುವ ಹೊತ್ತು ಬದಲಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ. ದ್ವೀಪದ ಹೆಸರು ಹೇಳುವ ಹಾಗಿಲ್ಲ, ಒಪ್ಪಂದ ಹಾಗಿದೆ. ಲಕ್ಷದ್ವೀಪದಲ್ಲಿ ಜನವಸತಿ ಇರುವ 10 ದ್ವೀಪಗಳಲ್ಲಿ ಒಂದು, ಪಶ್ಚಿಮಕ್ಕೆ ಲಗೂನ್ (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು) ಇದೆ ಅಂತ ಇಟ್ಟುಕೊಳ್ಳಿ.

ಮೊದಲೇ ಒಂದು ಮಾತು. ಅಲ್ಲಿನ ಜನಕ್ಕೆ ಬಂದರು ಬೇಕು. ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳಲ್ಲಿ (ಸರಕಿನ ದೋಣಿ) ಸಿಮೆಂಟ್, ಜಲ್ಲಿ, ತರಕಾರಿ ಹೋಗುವುದನ್ನು ನೋಡಿಕೊಂಡೇ ಬೆಳೆದವನು ನಾನು. ಲಗೂನಿನ ಬಾಯಿ ಮರಳಿನಿಂದ ಮುಚ್ಚಿಕೊಂಡರೆ ದೋಣಿ ಒಳಗೆ ಬರುವುದಿಲ್ಲ, ರೋಗಿ ಹೊರಗೆ ಹೋಗುವುದಿಲ್ಲ. ಆದರೆ ಎಲ್ಲಾ ದ್ವೀಪ ಸೇರಿದರೂ ನೆಲ ಇರುವುದು ಸುಮಾರು 32 ಚದರ ಕಿಲೋಮೀಟರ್. ಆ ನೆಲವನ್ನು ಅಲೆಯಿಂದ ಕಾಯುತ್ತಿರುವುದು ಸುತ್ತಲಿನ ಹವಳದ ದಿಬ್ಬ. ದಿಬ್ಬ ಸತ್ತರೆ ಬಂದರು ಕಟ್ಟಿಯೂ ಪ್ರಯೋಜನ ಇಲ್ಲ.

ನಾನು ಹೋಗುವ ಮುಂಚೆ ಅಲ್ಲಿ ಒಂದು ವರದಿ ಆಗಿತ್ತು. ಯಾರದ್ದು ಅಂತ ಬೇಡ. ಬೆಳಿಗ್ಗೆ ಡ್ರೆಜರ್ ಶುರುವಾಗುವ ಮೊದಲೇ ಮೇಲ್ಮೈ ನೀರು ತುಂಬಿಕೊಂಡು ಹೋಗಿ, ‘ಟರ್ಬಿಡಿಟಿ (ನೀರಿನ ಕದಡು) ಸಾಧಾರಣ’ ಎಂದು ಬರೆದಿದ್ದರು. ಮಾದರಿ ತೆಗೆದ ಜಾಗಗಳು ಡ್ರೆಜರ್ ಸುತ್ತ 100, 500, 1000 ಮೀಟರಿನ ವೃತ್ತದ ಮೇಲೆ. ಹೂಳು ವೃತ್ತವಾಗಿ ಹರಡುವುದಿಲ್ಲ, ಹೆಚ್ಚಿನದು ಮೇಲ್ಮೈಯಲ್ಲೂ ಇರುವುದಿಲ್ಲ. ಅದು ತಳ ಹಿಡಿದು ನೀರಿನ ಸೆಳೆತದ ಜೊತೆ ಹೋಗುತ್ತದೆ. ಮೇಲೆ ನೀರು ನೀಲಿ ಇದ್ದಾಗಲೂ ಕೆಳಗೆ ಮೂರು ಮೀಟರಿನಲ್ಲಿ ಅಕ್ಕಚ್ಚು ಕದಡಿಟ್ಟ ಹಾಗೆ ಇದ್ದದ್ದನ್ನು ನಾನೇ ಮುಳುಗಿ ನೋಡಿದ್ದೇನೆ.

ಮೊದಲ ಸೀಸನ್‌ನಲ್ಲಿ ಬಾಡಿಗೆಗೆ ಟರ್ಬಿಡಿಟಿ ಲಾಗರ್ (ಕದಡು ಅಳೆದು ದಾಖಲಿಸುವ ಸೆನ್ಸರ್) ತಂದೆವು. ಸೀಸನ್ನಿಗೆ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಲೆನ್ಸ್ ಒರೆಸುವ ವೈಪರ್ ಇರುವ ಮಾಡೆಲ್ ನಮ್ಮ ಬಜೆಟ್ಟಿಗೆ ದೂರ. ವೈಪರ್ ಇಲ್ಲದ್ದು ಹತ್ತು ದಿನ ಚೆನ್ನಾಗಿ ಓದಿತು. ಆಮೇಲೆ ಲೆನ್ಸಿನ ಮೇಲೆ ಪಾಚಿ ಕೂತು ಎನ್‌ಟಿಯು (ಕದಡಿನ ಅಳತೆ) ಏರುತ್ತಲೇ ಹೋಯಿತು. ಡ್ರೆಜರ್ ಕೆಟ್ಟು ನಿಂತ ವಾರದಲ್ಲೂ ಏರಿತು! ಅಷ್ಟು ಡೇಟಾ ಕಸ. ಪಾಚಿ ಬರದಿದ್ದರೂ ಇನ್ನೊಂದು ತೊಂದರೆ ಇತ್ತು. ಎನ್‌ಟಿಯುವನ್ನು ಲೀಟರಿಗೆ ಮಿಲಿಗ್ರಾಂಗೆ ತಿರುಗಿಸುವ ಸೂತ್ರವನ್ನು ಆಯಾ ಜಾಗದ ಹೂಳಿನಿಂದಲೇ ಕಟ್ಟಬೇಕು. ಮಂಗಳೂರು ಕರಾವಳಿಯ ಪಣಂಬೂರಿನ ಜೇಡಿಯಲ್ಲಿ ಕಟ್ಟಿದ್ದು ಲಕ್ಷದ್ವೀಪದ ಬಿಳಿ ಸುಣ್ಣದ ಪುಡಿಗೆ ಹೊಂದುವುದಿಲ್ಲ, ಅದು ಬೆಳಕನ್ನು ಬೇರೆಯೇ ರೀತಿ ಚದುರಿಸುತ್ತದೆ.

ಜೊತೆಗೆ ಮಾಮೂಲಿ ಪೈಪ್ ಟ್ರ್ಯಾಪ್‌ಗಳನ್ನೂ (ಬೀಳುವ ಹೂಳನ್ನು ಹಿಡಿಯುವ ನೆಟ್ಟಗಿನ ಕೊಳವೆ) ಇಟ್ಟಿದ್ದೆವು. ಪುಸ್ತಕದ ಪ್ರಕಾರ ಸರಿಯಾಗಿಯೇ, ಎತ್ತರ ಅಗಲದ ಐದು ಪಟ್ಟು. ಕೆಲವಕ್ಕೆ ಆಕ್ಟೋಪಸ್ ಸಂಸಾರ ಹೂಡಿ ಕಲ್ಲು, ಚಿಪ್ಪು ತುಂಬಿಸಿತ್ತು. ಕೆಲವನ್ನು ಚಾಳ (ಗಾಳಕ್ಕೆ ಬಳಸುವ ಸಣ್ಣ ಮೀನು) ಹಿಡಿಯುವ ಬಲೆ ಎಳೆದುಕೊಂಡು ಹೋಯಿತು. ಉಳಿದವುಗಳ ತೂಕ ನೋಡಿದರೆ, ಡ್ರೆಜರ್‌ನಿಂದ ದೂರದ, ಹೋಲಿಕೆಗೆ ಇಟ್ಟ ಕಂಟ್ರೋಲ್ ಜಾಗದಲ್ಲೇ ಹೂಳು ಜಾಸ್ತಿ. ಗಾಳಿ ಎದ್ದ ದಿನ ಅಲೆ ತಳದ ಮರಳನ್ನು ಎಬ್ಬಿಸುತ್ತದೆ, ಟ್ರ್ಯಾಪಿನೊಳಗೆ ಬಿದ್ದದ್ದು ಮತ್ತೆ ಹೊರಗೆ ಬರುವುದಿಲ್ಲ. ಹವಳದ ಮೇಲೆ ಹಾಗಲ್ಲ, ಬಿದ್ದದ್ದರಲ್ಲಿ ಸಾಕಷ್ಟು ಮುಂದಿನ ಅಲೆಗೇ ತೊಳೆದು ಹೋಗುತ್ತದೆ. ದಿನಕ್ಕೆ ಚದರ ಸೆಂಟಿಮೀಟರಿಗೆ 10 ಮಿಲಿಗ್ರಾಂ ಹೂಳಿನವರೆಗೆ ಹವಳ ತಾಳುತ್ತದೆ ಎನ್ನುವ ಹಳೇ ಮಿತಿ ನಮಗೆಲ್ಲ ಬಾಯಿಪಾಠ. ಆ ಲೆಕ್ಕದಲ್ಲಿ ಆ ಲಗೂನಿನ ಹವಳವೆಲ್ಲ ಯಾವತ್ತೋ ಸತ್ತಿರಬೇಕಿತ್ತು.

ಬಿಲ್ಲೆಯ ಮೂಲ ಕಲ್ಪನೆ ನನ್ನದಲ್ಲ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಯುಎಸ್‌ಜಿಎಸ್‌ನವರು ಹವಾಯಿಯಲ್ಲಿ ಸೆಡ್‌ಪಾಡ್ ಅಂತ ಮಾಡಿದ್ದರು: ಹವಳದ ಹಾಗೆಯೇ ಬಯಲಿಗೆ ತೆರೆದಿರುವ ಒರಟು ಸಿಮೆಂಟ್ ಮೇಲ್ಮೈ. ಅದರ ಮೇಲೆ ನಿಂತದ್ದಷ್ಟೇ ಲೆಕ್ಕ. ನಾನು ಸೇರಿಸಿದ್ದು ಎರಡು. ಒಂದು, ಒಟ್ಟು ತೂಕ ಬಿಟ್ಟು 63 ಮೈಕ್ರಾನ್ ಜರಡಿಯಿಂದ ಕೆಳಗೆ ಇಳಿದ ನುಣುಪನ್ನು ಮಾತ್ರ ತೂಗುವುದು. ಎರಡು, ಜಾಗವನ್ನು ನಕಾಶೆ ನೋಡಿ ಅಲ್ಲ, ನೀರು ಹರಿಯುವ ದಾರಿ ನೋಡಿ ಆರಿಸುವುದು.

ನುಣುಪೇ ಯಾಕೆ ಅಂದರೆ, ಅಲೆ ಎಬ್ಬಿಸುವುದು ಹೆಚ್ಚಾಗಿ ದಪ್ಪ ಮರಳು. ಗಿಳಿಮೀನು ಹವಳ ಕೆರೆದು ತಿಂದು ಉದುರಿಸುವುದೂ ಮರಳೇ, ಬಿಲ್ಲೆಯ ಮೇಲೆ ಸಣ್ಣ ಸಣ್ಣ ಗುಡ್ಡೆಯಾಗಿ ಬಿದ್ದಿರುತ್ತದೆ. ಡ್ರೆಜರ್ ಸುಣ್ಣದ ಬಂಡೆ ಕೊರೆದಾಗ ಏಳುವ ಪುಡಿ ಮಾತ್ರ ತುಂಬಾ ನುಣುಪು. ಹವಳಕ್ಕೆ ವಿಷವಾಗುವುದೂ ಅದೇ. ಮರಳು ಉರುಳಿ ಹೋಗುತ್ತದೆ, ನುಣುಪು ಅಂಟಿ ಕೂರುತ್ತದೆ.

ಮಾಡುವುದು ಸುಲಭ. ಮುಚ್ಚಳಕ್ಕೆ ಸಿಮೆಂಟ್ ತುಂಬಿ, ಗಟ್ಟಿಯಾಗುವ ಮುಂಚೆ ಪೊರಕೆ ಕಡ್ಡಿಯಿಂದ ಮೇಲ್ಮೈ ಒರಟು ಮಾಡಬೇಕು. ಮೇಲ್ಮೈ ಸುಮಾರು 90 ಚದರ ಸೆಂಟಿಮೀಟರ್ ಸಿಗುತ್ತದೆ. ಹಸಿ ಸಿಮೆಂಟನ್ನು ನೇರ ಇಳಿಸಬೇಡಿ, ಎರಡು ಮೂರು ವಾರ ಸಮುದ್ರದ ನೀರಲ್ಲಿ ನೆನೆಸಿ. ಒಂದು ಬಿಲ್ಲೆಗೆ ಕಂಬಿ ಸೇರಿ ಇನ್ನೂರು ರೂಪಾಯಿ ಒಳಗೆ ಮುಗಿಯುತ್ತದೆ. ಅರವತ್ತು ಚಿಲ್ಲರೆ ಬಿಲ್ಲೆಗೆ ನನಗೆ ಹನ್ನೆರಡು ಸಾವಿರದ ಆಸುಪಾಸು ಖರ್ಚು. ಒಂದು ಜಾಗಕ್ಕೆ ಮೂರು, ಪಕ್ಕದ ಹವಳದ ತಲೆಯಷ್ಟೇ ಎತ್ತರದಲ್ಲಿ, ಸತ್ತ ಬಂಡೆಗೋ ಮರಳಿಗೋ ಕಂಬಿ ಹೂಡಿ.

ಎತ್ತುವಾಗ ಇರುವುದು ನಿಜವಾದ ಕಷ್ಟ. ನೀರೊಳಗೇ ಬಿಲ್ಲೆಯ ಮೇಲೆ ಇನ್ನೊಂದು ಮುಚ್ಚಳ ಹಾಕಬೇಕು. ಹಾಕುವಾಗ ಒತ್ತಿದ ನೀರು ಪಕ್ಕಕ್ಕೆ ಚಿಮ್ಮಿ ಹೂಳನ್ನು ಎಬ್ಬಿಸಿಬಿಡುತ್ತದೆ. ಇದಕ್ಕೆ ಮುಚ್ಚಳದಲ್ಲಿ ನಾನು ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ, ಇನ್ನೂ ಎರಡು ಕೆಲಸ ಅದರ ಮೇಲೆ ನಿಂತಿವೆ. ನಾಲ್ಕು ಸಲ ಕೈಯಾರೆ ಮಾಡಿದವರಿಗೆ ತಾನೇ ಹೊಳೆಯುತ್ತದೆ.

ಮೊದಲ ಪರೀಕ್ಷೆಯನ್ನು ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ಮಾಡಿದೆ. ಹವಳ ಇದೆ, ಡೈವಿಂಗ್ ದೋಣಿ ಸಿಗುತ್ತದೆ, ಖರ್ಚು ಕಡಿಮೆ. ಬಿಲ್ಲೆ ಗಟ್ಟಿಯಾಗಿ ನಿಂತಿತು, ಮುಚ್ಚಳವೂ ಕೆಲಸ ಮಾಡಿತು. ಹೂಳಿನ ಪಾಠ ಮಾತ್ರ ಅಲ್ಲಿಂದ ಬರಲಿಲ್ಲ. ನಮ್ಮ ಕರಾವಳಿಯ ಹೂಳಲ್ಲಿ ಹೊಳೆಯ ಮಣ್ಣಿರುತ್ತದೆ, ಆಸಿಡ್ ಹಾಕಿದರೆ ಸುಣ್ಣ ಕರಗಿ ಮಣ್ಣು ಉಳಿಯುತ್ತದೆ, ಬೇರೆ ಮಾಡುವುದು ಸುಲಭ. ಲಕ್ಷದ್ವೀಪದಲ್ಲಿ ಹೊಳೆಯೇ ಇಲ್ಲ. ಇರುವುದೆಲ್ಲ ಸುಣ್ಣ, ಆಸಿಡ್ಡಿಗೆ ಎಲ್ಲಾ ಕರಗುತ್ತದೆ. ಅಲ್ಲಿ ಜರಡಿಯೇ ಗತಿ.

ನೀರಿನ ದಾರಿ ಹಿಡಿಯಲು ಡ್ರಿಫ್ಟರ್ (ಸೆಳೆತದ ಜೊತೆ ತೇಲುವ ಉಪಕರಣ) ಕೊಳ್ಳಲಿಲ್ಲ. ಹಸಿ ಎಳನೀರು ಕಾಯಿಗೆ ಕೇಸರಿ ಬಣ್ಣ ಬಳಿದು ಬಿಟ್ಟೆ. ಕಾಯಿ ಹೆಚ್ಚುಕಡಿಮೆ ಪೂರ್ತಿ ನೀರೊಳಗೆ ಮುಳುಗಿ ತೇಲುತ್ತದೆ, ಗಾಳಿ ಅಷ್ಟಾಗಿ ತಳ್ಳುವುದಿಲ್ಲ. ದೋಣಿಯಲ್ಲಿ ಹಿಂದೆ ಹೋಗಿ ಫೋನಿನ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡೆ. ಅಲೆ ಪಶ್ಚಿಮದ ದಿಬ್ಬ ದಾಟಿ ಲಗೂನಿಗೆ ನೀರು ತುಂಬುತ್ತದೆ, ಆ ನೀರು ಬಂದರಿನ ಕಾಲುವೆಯಿಂದ ಹೊರಗೆ ಹೋಗುತ್ತದೆ. ಇಳಿತದಲ್ಲಿ ಕಾಯಿಗಳೆಲ್ಲ ಸೀದಾ ಹೊರಗೆ. ಅಲೆ ಸಣ್ಣದಿದ್ದು ಭರತ (ಉಬ್ಬರ) ಏರುವಾಗ ಮಾತ್ರ ಕಾಲುವೆಯಿಂದ ಒಳಕ್ಕೆ ತಿರುಗಿ, ಉತ್ತರದ ಒಂದು ಮೂಲೆಯಲ್ಲಿ ಸುತ್ತುತ್ತಾ ನಿಂತವು. ಹಳೇ ವರದಿಯ ಒಂದು ಜಾಗವೂ ಆ ಮೂಲೆಯಲ್ಲಿರಲಿಲ್ಲ. ನಾನು ಬಿಲ್ಲೆಗಳಲ್ಲಿ ಮೂರನೇ ಒಂದು ಭಾಗವನ್ನು ಅಲ್ಲೇ ಇಟ್ಟೆ. ಕಂಟ್ರೋಲಿಗೆ ಕಾಯಿ ಒಂದೂ ಮುಟ್ಟದ ದಕ್ಷಿಣದ ತುದಿ ಆರಿಸಿದೆ, ಹೊರ ದಿಬ್ಬದ ಇಳಿಜಾರಿನಲ್ಲೂ ಒಂದಷ್ಟು ಬಿಲ್ಲೆ ಇಟ್ಟೆ.

ಜರಡಿ ಇಳಿದ ನುಣುಪನ್ನು ಹಿಡಿಯುವ ಫಿಲ್ಟರ್ ತೊಳೆಯುವ ನೀರಿಗೆ ಯೋಚನೆ ಮಾಡಿಕೊಂಡೇ ಹೋಗಿ. ದ್ವೀಪದ ಬಾವಿ ನೀರು ಅಂದರೆ ಉಪ್ಪು ನೀರಿನ ಮೇಲೆ ತೇಲುವ ಸಿಹಿ ನೀರಿನ ತೆಳು ಪದರ. ಅದರಲ್ಲಿ ತೊಳೆದರೆ ಉಪ್ಪಿನ ತೂಕ ಸೇರುತ್ತದೆ. ಡಿಸ್ಟಿಲ್ಡ್ ನೀರಿನ ಕ್ಯಾನುಗಳನ್ನು ಮಂಗಳೂರಿಂದ ಮಂಜಿಯಲ್ಲೇ ಹಾಕಿಸಿದೆ. ಬಿಲ್ಲೆಗಿಂತ ನೀರಿನ ಸಾಗಣೆಗೇ ಜಾಸ್ತಿ ಹೋಯಿತು. ಒಣಗಿಸುವುದು, ಸುಡುವುದು ಎಲ್ಲ ಊರಿಗೆ ಬಂದ ಮೇಲೆ. ಪಾಚಿಯ ತೂಕ ಕಳೆಯಲು ಸುಡುವಾಗ 500-550 ಡಿಗ್ರಿ ಸಾಕು. ಅದಕ್ಕಿಂತ ತೀರಾ ಮೇಲೆ ಹೋದರೆ ಕಾರ್ಬೊನೇಟೇ ಒಡೆದು ಲೆಕ್ಕ ಕೆಡುತ್ತದೆ.

ಗಿಳಿಮೀನುಗಳು ಬಿಲ್ಲೆಯ ಪಾಚಿಯನ್ನೂ ಬಿಡಲಿಲ್ಲ, ಸಿಮೆಂಟಿನ ಮೇಲೆ ಹಲ್ಲಿನ ಗೀರು ಎದ್ದು ಕಾಣುತ್ತಿತ್ತು. ಕೆಲವಕ್ಕೆ ಬಲೆಯ ಪಂಜರ ಕಟ್ಟಿ ನೋಡಿದೆ. ಬಲೆ ನೀರಿನ ವೇಗ ತಗ್ಗಿಸಿ ಒಳಗೆ ಹೂಳು ಎರಡು ಪಟ್ಟಾಯಿತು. ಪಂಜರ ತೆಗೆದು ಹಾಕಿದೆ. ನೀರು ಎಷ್ಟು ತಿಳಿ ಅಂತ ನೋಡುವ ಸೆಕ್ಕಿ ತಟ್ಟೆಯನ್ನು ಲಗೂನಿನಲ್ಲಿ ಇಳಿಬಿಟ್ಟರೆ ತಳ ಮುಟ್ಟಿದರೂ ಕಾಣುತ್ತಲೇ ಇರುತ್ತದೆ, ಅಲ್ವಾ? ಅದನ್ನು ಕಂಬಿಗೆ ಕಟ್ಟಿ, ನೀರೊಳಗೆ ಟೇಪ್ ಹಿಡಿದು ಅಡ್ಡಕ್ಕೆ ಓದಿದೆ. ಪೈಸೆ ಖರ್ಚಿಲ್ಲ, ಬಿಲ್ಲೆಯ ಲೆಕ್ಕಕ್ಕೆ ಚೆನ್ನಾಗಿ ತಾಳೆ ಬಂತು.

ಫಲಿತಾಂಶಕ್ಕೆ ಬರುತ್ತೇನೆ. ಕಂಟ್ರೋಲಿನಲ್ಲಿ ನುಣುಪು ದಿನಕ್ಕೆ ಚದರ ಸೆಂಟಿಮೀಟರಿಗೆ ಒಂದೆರಡು ಮಿಲಿಗ್ರಾಂ, ಗಾಳಿ ದಿನದಲ್ಲೂ ಅಷ್ಟೇ. ಕಾಲುವೆಯ ಪಕ್ಕದಲ್ಲಿ ಐದಾರು. ಡ್ರೆಜರ್‌ನಿಂದ ಮುಕ್ಕಾಲು ಕಿಲೋಮೀಟರ್ ದೂರದ ಆ ಉತ್ತರದ ಮೂಲೆಯಲ್ಲಿ ಹದಿನೈದರಿಂದ ಇಪ್ಪತ್ತು. ಹತ್ತಿರಕ್ಕಿಂತ ದೂರದಲ್ಲಿ ಜಾಸ್ತಿ! ಡ್ರೆಜರ್ ನಿಂತ ವಾರದಲ್ಲಿ ಅದೇ ಮೂಲೆ ಮೂರಕ್ಕೆ ಇಳಿಯಿತು. ಇದಕ್ಕಿಂತ ಸಾಕ್ಷಿ ಏನು ಬೇಕು?

ಆ ಮೂಲೆಯಲ್ಲಿ ಒಂದು ಪೊರೈಟಿಸ್ ಹವಳದ ಗುಂಡನ್ನು ಪ್ರತಿ ಸಲವೂ ನೋಡುತ್ತಿದ್ದೆ. ತೊಡೆ ಎತ್ತರ ಇರಬಹುದು. ಮೈಮೇಲೆ ತೆಳ್ಳಗೆ ಲೋಳೆಯ ಪೊರೆ, ಅದರಲ್ಲಿ ಬಿಳಿ ಪುಡಿ ಸಿಕ್ಕಿಕೊಂಡಿತ್ತು. ಪೊರೆಯ ಒಂದು ಅಂಚು ಎದ್ದು, ನೀರು ಸೆಳೆದಾಗ ಅಂಗೈಯಷ್ಟು ತುಂಡು ಕಿತ್ತು ಹೋಗುತ್ತಿತ್ತು. ಕೆಳಗೆ ಹವಳ ಕಂದಾಗಿ, ಆರೋಗ್ಯವಾಗಿಯೇ ಕಾಣುತ್ತಿತ್ತು. ನೆತ್ತಿಯ ತಗ್ಗಿನಲ್ಲಿ ಮಾತ್ರ ಪುಡಿ ಹೋಗದೆ ಕೂತಿತ್ತು. ಬೆರಳಿನಿಂದ ಗಾಳಿ ಹಾಕಿ ಸರಿಸಿದರೆ ಒಳಗೆ ಬೂದು ಬಣ್ಣ, ಹೆಬ್ಬೆಟ್ಟಿನಗಲ ಸತ್ತಿತ್ತು. ಮುಂದಿನ ಸಲಕ್ಕೆ ಅಲ್ಲಿ ಹಸಿರು ಪಾಚಿಯ ಎಳೆ ಎದ್ದಿತ್ತು. ಕವಲೊಡೆದ ಅಕ್ರೊಪೊರಾ ಮೇಲೆ ಪುಡಿ ನಿಲ್ಲುವುದಿಲ್ಲ, ಅದಕ್ಕೆ ಕಷ್ಟ ಬೆಳಕಿನದ್ದು. ತಟ್ಟೆ ಆಕಾರದ ಮೊಂಟಿಪೊರಾ ಎಲ್ಲಕ್ಕಿಂತ ಬೇಗ ಸೋತಿತು.

ಪರಿಶೀಲನಾ ಸಭೆಯಲ್ಲಿ ಎರಡು ಪ್ರಶ್ನೆ ಬಂದವು. ಇದು ಬ್ಲೀಚಿಂಗ್‌ನಿಂದ (ಬಿಸಿ ನೀರಿಗೆ ಹವಳ ಬಿಳಿಚುವುದು) ಆದದ್ದಿರಬಹುದಲ್ಲ? 1998, 2010, 2016, 2024ರಲ್ಲಿ ಲಕ್ಷದ್ವೀಪ ಬಿಸಿಗೆ ಬೆಂದಿದೆ, ಪ್ರಶ್ನೆ ನ್ಯಾಯವೇ. ಬ್ಲೀಚಿಂಗ್ ಆದರೆ ದಕ್ಷಿಣದ ತುದಿಯೂ ಬಿಳಿಚಬೇಕು, ಬಿಳಿಚಿರಲಿಲ್ಲ. ಎರಡನೆಯದು ಸಮುದ್ರ ಹುಲ್ಲಿನದು. ಲಗೂನಿನ ಹುಲ್ಲು ಹೋದದ್ದಕ್ಕೂ ಡ್ರೆಜರ್ ಕಾರಣ ಅಂತ ಊರವರ ದೂರಿತ್ತು. ಅದನ್ನು ನಾನು ಒಪ್ಪಲಿಲ್ಲ. ಲಕ್ಷದ್ವೀಪದ ಅಗತ್ತಿಯಲ್ಲಿ ಹಸಿರಾಮೆಗಳ ಹಿಂಡೇ ಹುಲ್ಲನ್ನು ಬೋಳಿಸಿದ್ದನ್ನು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ತಂಡ ವರ್ಷಗಟ್ಟಲೆ ದಾಖಲಿಸಿದೆ. ಇಲ್ಲೂ ಹುಲ್ಲಿನ ತುದಿ ಕಚ್ಚಿ ತುಂಡಾಗಿತ್ತು, ಹೂಳಲ್ಲಿ ಹೂತಿರಲಿಲ್ಲ. ಡ್ರೆಜರ್ ಮಾಡದ್ದನ್ನು ಅದರ ತಲೆಗೆ ಕಟ್ಟಿದರೆ ಮಾಡಿದ್ದನ್ನೂ ಯಾರೂ ನಂಬುವುದಿಲ್ಲ.

ಹೂಳು ತಡೆಯುವ ಪರದೆ, ಸಿಲ್ಟ್ ಕರ್ಟನ್ ಇದೆಯಲ್ಲ ಅಂದರು. ಗುತ್ತಿಗೆದಾರರು ಲಕ್ಷಗಟ್ಟಲೆ ಸುರಿದು ಹಾಕಿದ್ದು ನಿಜ. ಸೆಕೆಂಡಿಗೆ ಅರ್ಧ ಮೀಟರ್ ದಾಟುವ ಸೆಳೆತದಲ್ಲಿ ಪರದೆ ಅಡ್ಡಡ್ಡ ಮಲಗುತ್ತದೆ, ಹೂಳು ಕೆಳಗಿಂದ ನುಸುಳುತ್ತದೆ. ವಿಡಿಯೋ ತೋರಿಸಿದೆ. ನಾನು ಕೇಳಿದ್ದು ಇಷ್ಟೇ: ಭರತ ಏರುವ ಹೊತ್ತು ಕೊರೆಯಬೇಡಿ, ಮಾರ್ಚ್ ಒಳಗೆ ಮುಗಿಸಿ, ಬಿಸಿಯ ಏಪ್ರಿಲ್-ಮೇಗೆ ಹೂಳಿನ ಕಾಟ ಸೇರಿಸಬೇಡಿ. ಮೊದಲನೆಯದು ಆಯಿತು. ಉತ್ತರದ ಮೂಲೆ ಎರಡು ವಾರದಲ್ಲಿ ಐದರ ಆಸುಪಾಸಿಗೆ ಇಳಿಯಿತು. ಹೊರಗೆ ಹೋದ ಹೂಳು ಹೊರ ದಿಬ್ಬಕ್ಕೆ ಕೂತಿತೇ ಅಂದರೆ, ಅಲ್ಲಿನ ಬಿಲ್ಲೆಗಳಲ್ಲಿ ಎರಡು ಮಿಲಿಗ್ರಾಂ ದಾಟಲಿಲ್ಲ. ಎರಡನೆಯದು ಆಗಲಿಲ್ಲ, ಏಪ್ರಿಲ್ ಮಧ್ಯದವರೆಗೂ ಯಂತ್ರ ಓಡಿತು. ಆ ಸಿಟ್ಟು ನನಗೆ ಇನ್ನೂ ಇದೆ.

ಚೂರೆ (ಟ್ಯೂನಾ) ಮೀನಿನ ದೋಣಿಯವರು ನನ್ನ ಲೆಕ್ಕವನ್ನು ಮೊದಲೇ ತಮ್ಮ ರೀತಿಯಲ್ಲಿ ಹೇಳಿದ್ದರು. ಗಾಳ ಹಾಕಿ ಚೂರೆ ಹಿಡಿಯಲು ಜೀವಂತ ಚಾಳ ಬೇಕು, ಚಾಳ ಇರುವುದು ಲಗೂನಿನ ಹವಳದ ಸುತ್ತ. ಆ ಸೀಸನ್ನಲ್ಲಿ ಅವರು ಉತ್ತರದ ಮೂಲೆ ಬಿಟ್ಟು ದಕ್ಷಿಣಕ್ಕೆ ಹೋಗುತ್ತಿದ್ದರು, ಡೀಸೆಲ್ ಜಾಸ್ತಿ ಸುಡುತ್ತಿತ್ತು. ಯಾವ ದೋಣಿ ಯಾವ ದಿನ ಎಲ್ಲಿ ಚಾಳ ಹಿಡಿಯಿತು ಅಂತ ಅವರಿಂದಲೇ ಬರೆಸಿಕೊಂಡೆ. ಸಭೆಯಲ್ಲಿ ಗ್ರಾಫಿಗಿಂತ ಆ ಹಾಳೆಗೇ ಬೆಲೆ ಸಿಕ್ಕಿತು. ಮುಂದಿನ ಕೆಲಸದಲ್ಲಿ ಮೊದಲ ವಾರವೇ ಈ ಹಾಳೆ ಶುರು ಮಾಡುತ್ತೇನೆ.

ಬಂದರಿನ ಪಕ್ಕದ ಬಾವಿಗಳ ಉಪ್ಪನ್ನೂ ಅಳೆದೆ, ಕಾಲುವೆ ಆಳವಾದರೆ ಉಪ್ಪು ಒಳಗೆ ಬರುತ್ತದೆಯೇ ನೋಡಲು. ಉಬ್ಬರ-ಇಳಿತಕ್ಕೇ ಬಾವಿ ಅಷ್ಟು ಏರಿಳಿಯುತ್ತದೆ, ಒಂದು ಸೀಸನ್ನಿನ ಅಳತೆಯಿಂದ ಏನೂ ಹೇಳಲಾಗದು. ಅದಕ್ಕೆ ಎರಡು ಮಳೆಗಾಲದ ಅಳತೆ ಬೇಕು.

ಕೊಟೇಶನ್ ಬರೆಯುವವರು ಒಂದು ಸಾಲು ಮರೆಯದೆ ಸೇರಿಸಿ: ಮಳೆಗಾಲ ಕಳೆದ ಮೇಲೆ, ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು. ದೋಣಿಗೆ ದಿನಕ್ಕೆ ಐದಾರು ಸಾವಿರ, ಸಿಲಿಂಡರ್, ಪರ್ಮಿಟ್, ಊಟ ಎಲ್ಲ ಸೇರಿ ಒಂದು ಲಕ್ಷದ ಒಳಗೆ ಆಗುತ್ತದೆ. ಮೂಲೆಯಲ್ಲಿ ಕೂತ ಹೂಳನ್ನು ಮುಂಗಾರಿನ ಅಲೆ ತೊಳೆಯಿತೋ, ಎಬ್ಬಿಸಿ ಬೇರೆ ಹವಳದ ಮೇಲೆ ಹಾಕಿತೋ ಅಂತ ಗೊತ್ತಾಗುವುದು ಆಗಲೇ. ಮೊದಲೇ ಕೇಳದಿದ್ದರೆ ಆಮೇಲೆ ಯಾರೂ ಕೊಡುವುದಿಲ್ಲ. ನನ್ನದಕ್ಕೆ ಮಂಜೂರಾಗಿದೆ, ಬಿಲ್ಲೆಗಳು ಈಗ ನೆನೆಯುತ್ತಿವೆ.