ನೃತ್ಯದ ಪಾಠವನ್ನು ಶಿಕ್ಷಕರ ಬೆನ್ನ ಹಿಂದಿನಿಂದ ಚಿತ್ರೀಕರಿಸಿ
ಮಕ್ಕಳಾಗಲಿ, ಹೊಸದಾಗಿ ಕಲಿಯುವ ದೊಡ್ಡವರಾಗಲಿ, ಮನೆಯಲ್ಲಿ ಅಭ್ಯಾಸ ಮಾಡಲು ನೃತ್ಯದ ವಿಡಿಯೊ ಬೇಕಿದ್ದರೆ ಶಿಕ್ಷಕರ ಒಪ್ಪಿಗೆ ಪಡೆದು ಅವರ ಬೆನ್ನ ಹಿಂದೆ ನಿಂತು ಚಿತ್ರೀಕರಿಸಿ. ಎದುರಿನಿಂದ ತೆಗೆದರೆ ಅವರ ಬಲಗಾಲು ನೋಡುವವರ ಎಡಕ್ಕೆ ಕಾಣುತ್ತದೆ. ಪ್ರತಿ ಹೆಜ್ಜೆಯನ್ನೂ ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕಾದ್ದರಿಂದ ತಾಳದ ಕಡೆ ಗಮನ ಉಳಿಯುವುದಿಲ್ಲ. ಎಡಬಲವೇ ಇನ್ನೂ ಗಟ್ಟಿಯಾಗಿರದ ಐದಾರು ವರ್ಷದ ಮಕ್ಕಳಿಗಂತೂ ಇದು ದೊಡ್ಡ ಗೋಜಲು. ಎದುರಿನಿಂದ ತೆಗೆದ ವಿಡಿಯೊ ಮಾತ್ರ ಇದ್ದರೆ ಮೊಬೈಲ್‌ನಲ್ಲಿ ಎಡಿಟ್ ಮಾಡಿ ಕನ್ನಡಿಯ ಬಿಂಬದಂತೆ ಎಡಬಲ ಬದಲಿಸಿಕೊಳ್ಳಬಹುದು. ಆದರೆ ಮೊದಲು ಒಮ್ಮೆ ಕಿವಿಗೊಟ್ಟು ನೋಡಿ: ಎದುರಾಗಿ ನಿಂತು ಕಲಿಸುವ ಅನುಭವಿ ಶಿಕ್ಷಕರು ಹಲವರು ‘ಬಲ’ ಎನ್ನುತ್ತಾ ತಮ್ಮ ಎಡಗಾಲನ್ನೇ ಇಡುತ್ತಾರೆ. ಅಂಥ ವಿಡಿಯೊವನ್ನು ಬದಲಿಸಿದರೆ ಮಾಡಿದ್ದೆಲ್ಲ ತಲೆಕೆಳಗು. ಕೆಲವು ಮೊಬೈಲ್‌ಗಳ ಸೆಲ್ಫಿ ಕ್ಯಾಮೆರಾ ತಾನಾಗಿಯೇ ಹೀಗೆ ತಿರುಗಿಸಿ ಉಳಿಸುತ್ತದೆ. ಅಂಗಿಯ ಮೇಲಿನ ಅಕ್ಷರಗಳು ಉಲ್ಟಾ ಕಂಡರೆ ಅದೇ ಸುಳಿವು. ಹಸ್ತಮುದ್ರೆ, ಮುಖಭಾವ ಕಲಿಯಲು ಮಾತ್ರ ಬೆನ್ನ ಹಿಂದಿನ ಚಿತ್ರ ಏನೇನೂ ಸಾಲದು, ಅದಕ್ಕೆ ಎದುರಿನಿಂದ ತೆಗೆದ ಒಂದು ತುಣುಕು ಬೇಕೇ ಬೇಕು.