ಎರಡನೇ ಶನಿವಾರ ಪಾನಾ ಹಿಡಿಯುವ ಬಳಗ: ದಾವಣಗೆರೆಯ ಕ್ರೈಸ್ತ ಬೈಕ್ ಸವಾರರ ತಿಂಗಳ ಲೆಕ್ಕ

ಈ ತಿಂಗಳ ಎರಡನೇ ಶನಿವಾರಕ್ಕೆ ನಮ್ಮ ಬಳಗದ ಮೂವತ್ತನೆಯ ಸರ್ವಿಸ್ ದಿನ ಮುಗಿಯಿತು. ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಹಳ್ಳಿಗಳ ಸಭಾಪಾಲಕರ ಮತ್ತು ಊರವರ ಬೈಕುಗಳನ್ನು ನಾವೇ ಸರಿಮಾಡಿಕೊಡುವ ದಿನ ಅದು. ನಡುವೆ ಒಂದು ತಿಂಗಳೂ ತಪ್ಪಿಲ್ಲ. ಬೈಕ್ ಹುಡುಗರ ಉತ್ಸಾಹಕ್ಕೆ ಮೂರು ತಿಂಗಳು ಆಯಸ್ಸು ಎಂದು ಸಭೆಯ ಹಿರಿಯರೊಬ್ಬರು ಹೇಳಿದ್ದರು. ಚರ್ಚಿನ ಅಂಗಳದಲ್ಲಿ ಎಣ್ಣೆ ಚೆಲ್ಲುವುದು ಯಾವ ಸೇವೆ ಎಂದು ಇನ್ನೊಬ್ಬರು ಕೇಳಿದ್ದರು. ಗ್ಯಾರೇಜ್ ಕೆಲಸ ಮಾಡುವುದಕ್ಕೆ ನಾವು ಬುಲೆಟ್ ಕೊಂಡಿಲ್ಲ ಎಂದು ನಮ್ಮೊಳಗಿನವರೇ ನಾಲ್ಕು ಜನ ಗುಂಪು ಬಿಟ್ಟು ಹೋಗಿದ್ದರು. ಆ ನಾಲ್ವರಲ್ಲಿ ಮೂವರು ಈಗ ತಿಂಗಳು ತಪ್ಪದೆ ಬರುತ್ತಾರೆ. ಇಂಥ ಬಳಗವನ್ನು ತಮ್ಮ ಊರಿನಲ್ಲಿಯೂ ಕಟ್ಟಬೇಕೆಂದು ಹಾವೇರಿ, ಶಿವಮೊಗ್ಗ ಕಡೆಯ ಸಹೋದರರು ಫೋನು ಮಾಡಿ ಕೇಳುತ್ತಿರುವುದರಿಂದ, ನಾವು ಎಲ್ಲಿ ಎಡವಿದೆವು, ಎಷ್ಟು ಹಣ ಕಳೆದೆವು, ಕೊನೆಗೆ ಏನು ಕೈಹಿಡಿಯಿತು ಎಂಬುದನ್ನು ನೆನಪಿನಲ್ಲಿ ಇರುವಷ್ಟು ಬರೆಯುತ್ತಿದ್ದೇನೆ.

2019ರ ಕೊನೆಯಲ್ಲಿ ಹದಿನಾಲ್ಕು ಜನ ಸೇರಿ ಆರಂಭಿಸಿದೆವು. ಅಮೆರಿಕದ ಆರ್ಕನ್ಸಾ ರಾಜ್ಯದ ಹ್ಯಾಟ್‌ಫೀಲ್ಡ್‌ನಲ್ಲಿ ಹರ್ಬ್ ಶ್ರೀವ್ ಎಂಬ ಪಾದ್ರಿ 1975ರಲ್ಲಿ ಆರಂಭಿಸಿದ ಕ್ರಿಶ್ಚಿಯನ್ ಮೋಟರ್‌ಸೈಕ್ಲಿಸ್ಟ್ಸ್ ಅಸೋಸಿಯೇಷನ್ನಿನ ಶಾಖೆಗಳು ನಡೆಯುವ ಬಗೆಯನ್ನು ಓದಿ ತಿಳಿದಿದ್ದೆವು. ನಾವು ಅವರ ಶಾಖೆಯಲ್ಲ, ಯಾರ ಶಾಖೆಯೂ ಅಲ್ಲ. ಆದರೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಸವಾರಿಯ ಮುಂದಾಳು, ಪ್ರಾರ್ಥನೆ ನಡೆಸುವವರು ಎಂಬ ಏರ್ಪಾಡನ್ನು ಅಲ್ಲಿಂದಲೇ ಪಡೆದೆವು. ಆ ಏರ್ಪಾಡು ಇಂದಿಗೂ ಉಳಿದಿದೆ. ಅದರ ಜೊತೆಗೆ ತಂದ ಉಳಿದ ಬಹುಪಾಲು ಇಲ್ಲಿ ಬೇರು ಬಿಡಲಿಲ್ಲ.

ಮೊದಲ ನಷ್ಟ ಜಾಕೆಟ್ಟಿನದು. ಬೆನ್ನಿನ ಮೇಲೆ ಶಿಲುಬೆಯ ಕಸೂತಿ ಇರುವ ಹದಿನಾರು ಜಾಕೆಟ್ ಹೊಲಿಸಿದೆವು, ಒಂದಕ್ಕೆ 1,850 ರೂಪಾಯಿ ಬಿದ್ದಿತು. ಹಣ ಕೊಟ್ಟವರು ಒಂಬತ್ತು ಜನ. ಉಳಿದ ಏಳರ ಹಣ, ಸುಮಾರು ಹದಿಮೂರು ಸಾವಿರ, ನನ್ನ ಮತ್ತು ಖಜಾಂಚಿಯ ಕೈಯಿಂದ ಹೋಯಿತು. ಏಪ್ರಿಲ್ ಬಿಸಿಲಿನಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಆ ಜಾಕೆಟ್ ತೊಟ್ಟು ಹತ್ತು ನಿಮಿಷ ಸಿಗ್ನಲ್ಲಿನಲ್ಲಿ ನಿಂತವರು ಮತ್ತೆ ಅದನ್ನು ಮುಟ್ಟುವುದಿಲ್ಲ. ಎರಡನೆಯದು ತಿಂಗಳ ವರ್ಗಣಿ. ತಲೆಗೆ 500 ರೂಪಾಯಿ ಎಂದು ಗೊತ್ತು ಮಾಡಿದ್ದೆವು. ಮೊದಲ ತಿಂಗಳು ಹದಿನಾಲ್ಕು ಜನರೂ ಕೊಟ್ಟರು, ಮೂರನೆಯ ತಿಂಗಳಿಗೆ ಐದು ಜನ ಕೊಟ್ಟರು, ಅಷ್ಟರಲ್ಲಿ ಲಾಕ್‌ಡೌನ್ ಬಂದಿತು. ಮೂರನೆಯದು ದಿನದ ಆಯ್ಕೆ, ಸವಾರಿಗೆ ಭಾನುವಾರವನ್ನು ಹಿಡಿದಿದ್ದೆವು. ಮೊದಲನೇ ಭಾನುವಾರ ಪ್ರಭು ಭೋಜನವಿರುತ್ತದೆ, ಯಾರೂ ಬರಲಾರರು ಎಂಬುದು ಗೊತ್ತೇ ಇತ್ತು. ಆದರೆ ಉಳಿದ ಭಾನುವಾರಗಳಲ್ಲಿ ಆರಾಧನೆ ಮುಗಿದು ಹೊರಡುವಾಗ ಹನ್ನೊಂದೂವರೆಯಾಗುತ್ತದೆ, ಮನೆಯವರು ಊಟಕ್ಕೆ ಕಾಯುತ್ತಾರೆ, ಬೆಳಗಿನ ಆರಾಧನೆ ತಪ್ಪಿಸಿ ಹೊರಟರೆ ಸಭಾಪಾಲಕರಿಗೆ ನೋವಾಗುತ್ತದೆ ಎಂಬುದು ಆರು ತಿಂಗಳ ಜಗಳದ ನಂತರವೇ ನಮಗೆ ಅರ್ಥವಾಯಿತು.

2022ರ ಮೇ ತಿಂಗಳಲ್ಲಿ ಇನ್ನೊಂದು ಪ್ರಯತ್ನ ಮಾಡಿದೆವು. ಅಮೆರಿಕದವರು ಪ್ರತಿ ವರ್ಷ ಮೇ ತಿಂಗಳ ಮೊದಲ ಶನಿವಾರ ನಿಧಿ ಸಂಗ್ರಹಕ್ಕೆಂದೇ ಸವಾರಿ ಹೊರಡುತ್ತಾರೆ. ಸವಾರನ ಹೆಸರಿನಲ್ಲಿ ಪರಿಚಿತರು ಹಣ ಕೊಡುತ್ತಾರೆ. ನಾವೂ ಅದೇ ದಿನ ದಾವಣಗೆರೆಯಿಂದ ಹರಿಹರದ ಆರೋಗ್ಯ ಮಾತೆಯ ಬಸಿಲಿಕಕ್ಕೆ ಹೋಗಿ, ಅಲ್ಲಿಂದ ಹಿಂದಿರುಗಿ, ಮತ್ತೆ ಚನ್ನಗಿರಿ ದಾರಿ ಹಿಡಿದು ಸೂಳೆಕೆರೆಯವರೆಗೆ ಹೋಗಿ ಬಂದೆವು. ಇಪ್ಪತ್ತೊಂದು ಸಾವಿರ ರೂಪಾಯಿ ಕೊಡುವುದಾಗಿ ಬಾಯಿಮಾತು ಸಿಕ್ಕಿತ್ತು, ಕೈಗೆ ಬಂದದ್ದು 3,400. ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಒಂದು ಕುಂಬಳಕಾಯಿಯನ್ನು ಸಾವಿರ ರೂಪಾಯಿಗೆ ಹರಾಜು ಕೂಗುವವರು ಅವರು. ಆದರೆ ಬೇರೊಬ್ಬನು ಬೈಕಿನಲ್ಲಿ ಸುತ್ತಾಡಿದ ದೂರಕ್ಕೆ ತಾವು ಏಕೆ ಹಣ ಕೊಡಬೇಕು ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ಪ್ರಶ್ನೆಯನ್ನು ತಿರುಗಿಸಿ ಹಿಡಿದಾಗ ನಮ್ಮ ಇಂದಿನ ಹಣದ ಏರ್ಪಾಡು ಹುಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಆ ವರ್ಷ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಅದನ್ನು ನೋಡಲು ಹೊರಟ ದಿನ ಸ್ನೇಹಿತರೂ ಸೇರಿ ಮೂವತ್ತೊಂದು ಬೈಕುಗಳಿದ್ದವು. ಚಿತ್ರದುರ್ಗ, ಹಿರಿಯೂರು ದಾಟಿ ಮಾರಿಕಣಿವೆಯ ಆ ಜಲಾಶಯಕ್ಕೆ ಹೋಗುವುದಕ್ಕೆ ಸುಮಾರು ನೂರಿಪ್ಪತ್ತು ಕಿಲೋಮೀಟರ್. ಅಷ್ಟು ದೊಡ್ಡ ಗುಂಪನ್ನು ಹೆದ್ದಾರಿಯಲ್ಲಿ ಒಟ್ಟಾಗಿ ನಡೆಸಿದ್ದಕ್ಕೆ ನನಗೆ ಈಗಲೂ ಹೆಮ್ಮೆಯಿದೆ. ಆದರೆ ಮುಂದಿನ ತಿಂಗಳ ಕೂಟಕ್ಕೆ ಬಂದವರು ಆರು ಜನ. ದೊಡ್ಡ ಸವಾರಿಯಿಂದ ಬಳಗ ಬೆಳೆಯುತ್ತದೆ ಎಂದು ನಂಬಿದ್ದ ನಾನು ಅಂದು ರಾಜೀನಾಮೆ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಅದನ್ನು ಕೊಡಲಿಲ್ಲ, ಏಕೆಂದರೆ ಆ ಆರು ಜನರೂ ಕೋಡಿಯ ನೀರಿನ ಮಾತೇ ಎತ್ತದೆ, ಹಿಂದಿರುಗುವಾಗ ಭರಮಸಾಗರದ ಹತ್ತಿರ ರಸ್ತೆಬದಿಯಲ್ಲಿ ಸಿಕ್ಕ ಒಬ್ಬ ಉಪದೇಶಿಗಳ ಮಾತನ್ನೇ ಆಡುತ್ತಿದ್ದರು. ಅವರ ಹಳೆಯ ಸ್ಪ್ಲೆಂಡರಿನ ಚೈನು ಕಳಚಿ ಬಿದ್ದಿತ್ತು. ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಕೊಕ್ಕೆಯಾಗಿದ್ದವು, ಹಿಂದಿನ ಬ್ರೇಕ್ ಶೂ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಅದೇ ಬೈಕಿನಲ್ಲಿ ಅವರು ಪ್ರತಿ ಭಾನುವಾರ ಮೂರು ಹಳ್ಳಿಗಳ ಆರಾಧನೆ ನಡೆಸುತ್ತಿದ್ದರು. ಬ್ರೇಕು ಹಿಡಿಯುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು; ತಿಳಿದೂ ಎರಡನೇ ಗೇರಿನಲ್ಲಿ ನಿಧಾನವಾಗಿ ಓಡಿಸಿಕೊಂಡು ಹೋಗುತ್ತಿದ್ದರು. ನಾವು ನಲವತ್ತು ನಿಮಿಷ ನಿಂತು ಚೈನಿನ ಒಂದು ಕೊಂಡಿ ತೆಗೆದು ಕೂರಿಸಿ, ಬ್ರೇಕನ್ನು ಕೈಲಾದಷ್ಟು ಬಿಗಿ ಮಾಡಿ ಕಳುಹಿಸಿದ್ದೆವು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇಂಥ ಬೈಕುಗಳು ಎಷ್ಟಿವೆ ಎಂದು ಒಬ್ಬರು ಕೇಳಿದರು. ಆ ವಾರದಲ್ಲೇ ಎಣಿಸಿದೆವು: ನಮಗೆ ಪರಿಚಯವಿದ್ದ ಸಭಾಪಾಲಕರು, ಉಪದೇಶಿಗಳು, ಫಾದರುಗಳಲ್ಲೇ ನಲವತ್ತಕ್ಕೆ ಹತ್ತಿರ.

2022ರ ಡಿಸೆಂಬರಿನಿಂದ ತಿಂಗಳನ್ನು ಬೇರೆ ರೀತಿ ಕಟ್ಟಿದೆವು. ಮೊದಲನೇ ಭಾನುವಾರ ಬಳಗದ ಯಾವ ಕೆಲಸವೂ ಇಲ್ಲ. ಎಲ್ಲರೂ ಅವರವರ ಚರ್ಚಿನಲ್ಲಿ ಕುಟುಂಬದೊಂದಿಗೆ ಇರಬೇಕು. ಅದರ ನಂತರದ ಗುರುವಾರ ಸಂಜೆ ಏಳೂವರೆಗೆ ಒಬ್ಬರ ಮನೆಯಲ್ಲಿ ಪ್ರಾರ್ಥನೆ ಮತ್ತು ಲೆಕ್ಕ. ಐವತ್ತು ನಿಮಿಷ ಮೀರುವಂತಿಲ್ಲ. ಎರಡನೇ ಶನಿವಾರ ಸರ್ವಿಸ್ ದಿನ. ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆಯಿರುವುದರಿಂದ ನಮ್ಮಲ್ಲಿ ಅರ್ಧದಷ್ಟು ಜನರಿಗೆ ಅದು ಒದಗುತ್ತದೆ, ಅಂಗಡಿಯಲ್ಲಿ ದುಡಿಯುವವರು ಮಧ್ಯಾಹ್ನ ಬಂದು ಕೊನೆಯ ಎರಡು ಬೈಕು ಮುಗಿಸುತ್ತಾರೆ. ನಾಲ್ಕನೇ ಶನಿವಾರ ಸವಾರಿ, ಹೋಗಿ ಬರುವುದು ಸೇರಿ ಹೆಚ್ಚೆಂದರೆ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು, ಬರಲೇಬೇಕೆಂಬ ಕಟ್ಟಳೆಯಿಲ್ಲ. ಕೊಂಡಜ್ಜಿ, ಸಂತೆಬೆನ್ನೂರಿನ ಪುಷ್ಕರಣಿ, ಚಿತ್ರದುರ್ಗದ ಚಂದ್ರವಳ್ಳಿ, ಇವು ಸರದಿಯಲ್ಲಿ ಬರುತ್ತವೆ. ಹೊರಡುವ ಮೊದಲು ನೂರ ಇಪ್ಪತ್ತೊಂದನೆಯ ಕೀರ್ತನೆ ಓದಿ, ಎಲ್ಲರ ಹೆಲ್ಮೆಟ್ ಪಟ್ಟಿ ನೋಡಿ ಹೊರಡುತ್ತೇವೆ. ಸವಾರಿಯ ಬಗ್ಗೆ ಇಷ್ಟು ಸಾಕು.

ಸರ್ವಿಸ್ ದಿನ ಹಳ್ಳಿಯ ಚರ್ಚಿನ ಅಂಗಳದಲ್ಲಿ ಬೆಳಿಗ್ಗೆ ಎಂಟೂವರೆಗೆ ಟಾರ್ಪಾಲು ಹಾಸುತ್ತೇವೆ. ಎಣ್ಣೆ ಚೆಲ್ಲುತ್ತದೆ ಎಂದ ಹಿರಿಯರ ಮಾತಿನಲ್ಲಿ ಸತ್ಯವಿತ್ತು, ಮೊದಲ ತಿಂಗಳು ಚೆಲ್ಲಿತ್ತು. ಟಾರ್ಪಾಲಿನ ಮೇಲೆ ಮರದ ಪುಡಿ ಹರಡಲು ಕಲಿತದ್ದು ಅಂದಿನಿಂದ. ಎರಡು ಸ್ಟ್ಯಾಂಡ್, ನಾಲ್ಕು ಜನರ ಎರಡು ತಂಡ, ಒಬ್ಬ ನುರಿತ ಮೇಸ್ತ್ರಿ. ನಮ್ಮ ಮೇಸ್ತ್ರಿ ಕ್ರೈಸ್ತರಲ್ಲ, ಮುಸ್ಲಿಂ ಸ್ನೇಹಿತರು. ಊಟ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ, ಪ್ರಾರ್ಥನೆಯ ವೇಳೆ ತಲೆಬಾಗಿ ಸುಮ್ಮನೆ ನಿಲ್ಲುತ್ತಾರೆ. ಬೈಕಿಗೆ ನಲವತ್ತೈದು ನಿಮಿಷ. ತೊಳೆಯುವುದಿಲ್ಲ, ಅದಕ್ಕೆ ನೀರೂ ಹೊತ್ತೂ ಸಾಲದು. ಆಯಿಲ್, ಚೈನು, ಬ್ರೇಕ್ ಶೂ, ಕೇಬಲ್, ಬಲ್ಬು, ಗಾಳಿ, ಇದೇ ಕ್ರಮ. ಸಭಾಪಾಲಕರ ಬೈಕು ಮೊದಲು, ಆಮೇಲೆ ಊರಿನ ಯಾರದಾದರೂ ಸರಿ, ಜಾತಿ ಮತ ಕೇಳುವುದಿಲ್ಲ. ಒಂದು ದಿನಕ್ಕೆ ಒಂಬತ್ತರಿಂದ ಹನ್ನೊಂದು ಬೈಕು ಮುಗಿಯುತ್ತವೆ. ಚೈನು ತೊಳೆಯಲು ನಾವು ಬಳಸುವ ಮಿಶ್ರಣ ಅಂಗಡಿಯ ಕ್ಲೀನರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಖರ್ಚು ಐದರಲ್ಲಿ ಒಂದು ಪಾಲು. ಅದರ ಅಳತೆ ನಮ್ಮ ಮೇಸ್ತ್ರಿಯದು, ಅವರ ಅನುಮತಿಯಿಲ್ಲದೆ ಇಲ್ಲಿ ಬರೆಯಲಾರೆ.

ಅತಿ ದೊಡ್ಡ ಪೆಟ್ಟು ಬಿದ್ದದ್ದು ನಾಲ್ಕನೇ ತಿಂಗಳಲ್ಲಿ. ಹಣ ಉಳಿಸಲೆಂದು ಒಬ್ಬ ವ್ಯಾಪಾರಿಯಿಂದ ಇಪ್ಪತ್ತು ಲೀಟರಿನ ಡಬ್ಬಿಯಲ್ಲಿ ಆಯಿಲ್ ತಂದೆವು. ಗ್ರೇಡು ಅದೇ ಎಂದು ಆತ ಹೇಳಿದ, ಡಬ್ಬಿಯ ಮೇಲೂ ಗ್ರೇಡು ಅದೇ ಇತ್ತು. ಹದಿನೈದು ದಿನದೊಳಗೆ ಮೂರು ಹಳ್ಳಿಗಳಿಂದ ಫೋನು ಬಂದಿತು: ಆಕ್ಸಲರೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಬೈಕು ಮುಂದೆ ಹೋಗುವುದಿಲ್ಲ. ಅದು ಕಾರಿನ ಆಯಿಲ್. ಅದರಲ್ಲಿರುವ ಜಾರಿಕೆಯ ರಾಸಾಯನಿಕ ಆಯಿಲಿನಲ್ಲೇ ಮುಳುಗಿ ತಿರುಗುವ ಬೈಕಿನ ಒದ್ದೆ ಕ್ಲಚ್ಚಿಗೆ ಹೊಂದುವುದಿಲ್ಲ. ಡಬ್ಬಿಯ ಮೇಲೆ, ಒದ್ದೆ ಕ್ಲಚ್ಚಿಗೆ ಹೊಂದುವ ಆಯಿಲ್ ಎಂದು ತಿಳಿಸುವ ಜಾಸೋ ಎಂಎ ಎಂಬ ಗುರುತು ಇದೆಯೇ ಎಂದು ನಾನೇ ನೋಡಬೇಕಿತ್ತು. ಆ ತಿಂಗಳು ಮಾಡಿದ್ದ ಹನ್ನೊಂದು ಬೈಕುಗಳ ಮನೆಬಾಗಿಲಿಗೆ ಹೋಗಿ ಆಯಿಲ್ ಸುರಿದು ಹೊಸದು ಹಾಕಿದೆವು, ಎರಡಕ್ಕೆ ಕ್ಲಚ್ ಪ್ಲೇಟೂ ಬದಲಾಯಿಸಿದೆವು. ಪೆಟ್ರೋಲು ಸೇರಿ ಹತ್ತು ಸಾವಿರದ ಹತ್ತಿರ ಹೋಯಿತು. ಮೂರು ತಿಂಗಳು ಮುಗಿದ ಮೇಲೆ ಬಳಗ ಮುಳುಗುತ್ತದೆ ಎಂದಿದ್ದ ಹಿರಿಯರು ಅಂದು ತಾವಾಗಿಯೇ ಎರಡು ಸಾವಿರ ರೂಪಾಯಿ ತಂದು ಕೊಟ್ಟರು. ಮಾಡಿದ ತಪ್ಪನ್ನು ಮನೆಮನೆಗೆ ಹೋಗಿ ಸರಿಪಡಿಸಿದ್ದನ್ನು ನೋಡಿ ಕೊಟ್ಟೆ ಎಂದರು. ಅಲ್ಲಿಂದ ಮುಂದೆ ಅವರು ಒಂದು ದಿನವೂ ನಮ್ಮ ವಿರುದ್ಧ ಮಾತಾಡಿಲ್ಲ.

ಈಗ ಹಣದ ಏರ್ಪಾಡು. ಪ್ರತಿಯೊಬ್ಬನೂ ಆ ತಿಂಗಳು ತಾನು ಓಡಿಸಿದ ಪ್ರತಿ ಕಿಲೋಮೀಟರಿಗೆ ಐವತ್ತು ಪೈಸೆ ಕೊಡುತ್ತಾನೆ. ಗುರುವಾರದ ಕೂಟದಲ್ಲಿ ಮೀಟರಿನ ಅಂಕಿಯನ್ನು ತಾನೇ ಹೇಳುತ್ತಾನೆ, ಯಾರೂ ಹೋಗಿ ನೋಡುವುದಿಲ್ಲ. ಗಳಿಕೆಯ ಹತ್ತರಲ್ಲೊಂದು ಪಾಲನ್ನು ದಶಾಂಶವೆಂದು ಚರ್ಚಿಗೆ ಕೊಟ್ಟು ರೂಢಿಯಿರುವ ಜನಕ್ಕೆ ಇದು ತಕ್ಷಣ ಅರ್ಥವಾಯಿತು. ಹೆಚ್ಚು ಓಡಿಸುವವನು ಹೆಚ್ಚು ಕೊಡುತ್ತಾನೆ, ಬೈಕು ನಿಂತ ತಿಂಗಳು ಕೊಡದಿದ್ದರೂ ನಾಚಿಕೆಯಿಲ್ಲ. ಈಗ ನಾವು ಇಪ್ಪತ್ತಾರು ಜನ, ಪ್ರತಿ ತಿಂಗಳೂ ಬರುವವರು ಹದಿನೆಂಟು. ತಲೆಗೆ ಸುಮಾರು ಒಂಬೈನೂರು ಕಿಲೋಮೀಟರ್ ಎಂದು ಹಿಡಿದರೆ ಎಂಟು ಸಾವಿರದ ಆಸುಪಾಸು ಕೂಡುತ್ತದೆ. ಚರ್ಚಿನ ಕಾಣಿಕೆಗೆ ಇದು ಕತ್ತರಿ ಹಾಕುತ್ತದೆ ಎಂಬ ಅನುಮಾನ ಬಂದಾಗ, ಸಭೆಯ ಖಜಾಂಚಿಯ ಎದುರಿಗೇ ಹಣ ಎಣಿಸಲು ಆರಂಭಿಸಿದೆವು. ಅನುಮಾನ ಅಲ್ಲಿಗೆ ಮುಗಿಯಿತು. ಮೊದಮೊದಲು ಒಂದು ಬೈಕಿಗೆ 780 ರೂಪಾಯಿ ಬೀಳುತ್ತಿದ್ದ ಖರ್ಚು ಈಗ 430ಕ್ಕೆ ಇಳಿದಿದೆ, ಏಕೆಂದರೆ ಬ್ರೇಕ್ ಶೂ ಮತ್ತು ಕೇಬಲ್ಲುಗಳನ್ನು ವರ್ಷಕ್ಕೆ ಎರಡು ಬಾರಿ ಸಗಟಿನಲ್ಲಿ ತರುತ್ತೇವೆ. ಎಲ್ಲಿಂದ ತರುತ್ತೇವೆ ಎಂಬುದನ್ನು ಮುಖತಃ ಕೇಳಿದವರಿಗೆ ಹೇಳುತ್ತೇನೆ. ಊಟ, ಸಾಮಾನು ಸಾಗಣೆ ಕಳೆದು ಉಳಿದದ್ದು ಟೈರು ನಿಧಿಗೆ ಹೋಗುತ್ತದೆ. ಇದುವರೆಗೆ ಹದಿನಾಲ್ಕೋ ಹದಿನೈದೋ ಟೈರು ಹಾಕಿಸಿದ್ದೇವೆ.

ಜೊತೆಗೆ ಮಾಡಿ ನೋಡಿದ ಎರಡು ಕೆಲಸಗಳನ್ನೂ ಹೇಳಬೇಕು. ಮೊದಲನೆಯದು ಮೆಕ್ಕೆಜೋಳದ ಕಾಲದ್ದು. ನಮ್ಮ ಕಡೆ ಅಕ್ಟೋಬರ್, ನವೆಂಬರಿನಲ್ಲಿ ಜೋಳ ತುಂಬಿದ ಟ್ರೇಲರುಗಳು ಹಿಂದೆ ದೀಪವಿಲ್ಲದೆ ರಾತ್ರಿ ರಸ್ತೆಗೆ ಬರುತ್ತವೆ. ನಮ್ಮವರೊಬ್ಬರು ಆನಗೋಡಿನ ಹತ್ತಿರ ಕೂದಲೆಳೆಯಲ್ಲಿ ಉಳಿದರು. ಎರಡು ಇಂಚಿನ ಪ್ರತಿಫಲನ ಪಟ್ಟಿ ತಂದು ಹಿಂದೆ ಕೆಂಪು, ಮುಂದೆ ಬಿಳಿ, ಪಕ್ಕಕ್ಕೆ ಹಳದಿ ಅಂಟಿಸಿದೆವು. ಮೊದಲ ವರ್ಷ ಅಂಟಿಸಿದ್ದರಲ್ಲಿ ಅರ್ಧ ಒಂದೇ ವಾರದಲ್ಲಿ ಕಿತ್ತು ಬಂದಿತು, ಏಕೆಂದರೆ ಧೂಳಿನ ಮೇಲೆಯೇ ಅಂಟಿಸಿದ್ದೆವು. ಮರಳು ಕಾಗದದಿಂದ ಉಜ್ಜಿ, ಥಿನ್ನರಿನಿಂದ ಒರೆಸಿ, ಬಿಸಿಲು ಏರಿದ ಮೇಲೆ ಅಂಟಿಸಿದರೆ ಎರಡು ಸುಗ್ಗಿ ನಿಲ್ಲುತ್ತದೆ. ಮೂವತ್ತನಾಲ್ಕು ಟ್ರೇಲರಿಗೆ ಹಾಗೆ ಹಾಕಿದ್ದೇವೆ. ಎರಡನೆಯದು ರಕ್ತದಾನ. ಸವಾರಿಯ ಕೊನೆಯಲ್ಲಿ ಎಲ್ಲರೂ ರಕ್ತ ಕೊಟ್ಟು ಹಿಂದಿರುಗೋಣ ಎಂದು ಒಮ್ಮೆ ಹೊರಟಿದ್ದೆವು. ರಕ್ತ ಕೊಟ್ಟು ಬಿಸಿಲಿನಲ್ಲಿ ಬೈಕು ಹತ್ತಿದ ಒಬ್ಬನಿಗೆ ತಲೆಸುತ್ತು ಬಂದಿತು, ಹಿಂದೆ ಕುಳಿತವನು ಹ್ಯಾಂಡಲ್ ಹಿಡಿದು ನಿಲ್ಲಿಸಿದ್ದರಿಂದ ಉಳಿದೆವು. ಈಗ ಮೂರು ತಿಂಗಳಿಗೊಮ್ಮೆ ಬೇರೆ ದಿನ ಗೊತ್ತುಮಾಡಿ, ಆಟೋದಲ್ಲಿ ಹೋಗಿ ಬರುತ್ತೇವೆ.

ಹೊಸದಾಗಿ ಆರಂಭಿಸುವವರು ಒಂದು ಸಂಗತಿ ನೆನಪಿಡಬೇಕು. ಆಯುಧಪೂಜೆಯ ವಾರ ಯಾವ ಮೇಸ್ತ್ರಿಯೂ ಬಿಡುವಾಗಿರುವುದಿಲ್ಲ, ಬಿಡಿಭಾಗದ ಅಂಗಡಿಯಲ್ಲಿ ಕೇಳಿದ್ದು ಸಿಗುವುದಿಲ್ಲ. ಎರಡನೇ ಶನಿವಾರ ಆ ವಾರಕ್ಕೆ ಬಿದ್ದ ವರ್ಷ ಸಾಮಾನನ್ನು ಹದಿನೈದು ದಿನ ಮೊದಲೇ ತಂದಿಟ್ಟು, ಮೇಸ್ತ್ರಿಯಿಲ್ಲದೆ ನಮ್ಮ ಹುಡುಗರೇ ಏಳು ಬೈಕು ಮುಗಿಸಿದರು. ಅಂದು ನಾನು ಪಾನಾ ಮುಟ್ಟದೆ ಪಕ್ಕದಲ್ಲಿ ನಿಂತು ನೋಡಿದೆ.

ಭರಮಸಾಗರದ ಹತ್ತಿರ ಸಿಕ್ಕ ಉಪದೇಶಿಗಳ ಸ್ಪ್ಲೆಂಡರ್ ಈಗಲೂ ಓಡುತ್ತಿದೆ. ಅದಕ್ಕೆ ನಾವು ಹಾಕಿದ ಮೊದಲ ಚೈನ್ ಕಿಟ್ ಸವೆದು ಎರಡನೆಯದು ಹಾಕಿದ್ದೇವೆ. ಮುಂದಿನ ಎರಡನೇ ಶನಿವಾರ ಜಗಳೂರು ಕಡೆಯ ಹಳ್ಳಿಯೊಂದರಲ್ಲಿ ಕೂಡುತ್ತೇವೆ. ಹತ್ತು ಬೈಕುಗಳ ಹೆಸರು ಬರೆದಾಗಿದೆ, ಎರಡಕ್ಕೆ ಟೈರು ಬೇಕು, ಒಂದಕ್ಕೆ ಬ್ಯಾಟರಿ. ಉಪದೇಶಿಗಳೂ ತಮ್ಮ ಪಾನಾ ಪೆಟ್ಟಿಗೆ ತೆಗೆದುಕೊಂಡು ಬರುವುದಾಗಿ ಹೇಳಿದ್ದಾರೆ.